ಎಲ್ಕ್ ಜಿಂಕೆಯನ್ನು ಕಾದವರು

ಪದಕ, ಪ್ರಶಸ್ತಿ ಎಂದೊಡನೆ ನಮ್ಮ ಕಣ್ಣೆದುರಿಗೆ ಬರುವವರು ಕವಿಗಳು, ಗಾಯಕರು, ಆಟಗಾರರು. ಹಿಮದಲ್ಲಿ ಸತ್ತುಬಿದ್ದ ಜಿಂಕೆಯ ಬಾಯಿ ತೆರೆದು, ಒಸಡಿನಲ್ಲಿ ಮುಳ್ಳು ಹುಡುಕುತ್ತ ಕುಳಿತವನಿಗೂ ಒಂದು ಪದಕ ಸಲ್ಲಬೇಕೆಂದು ಯಾರಿಗಾದರೂ ತೋರೀತೇ? ಅಮೆರಿಕದಲ್ಲಿ ಹಾಗೆ ತೋರಿತು. ಅದರ ಕಾರಣವನ್ನು ತಿಳಿಯಲು ಮೊದಲು ಆ ಪ್ರಾಣಿಯ ಪರಿಚಯ ಮಾಡಿಕೊಳ್ಳೋಣ.

ಎಲ್ಕ್ ಎಂಬುದು ಉತ್ತರ ಅಮೆರಿಕದ ದೊಡ್ಡ ಜಿಂಕೆ. ನಮ್ಮ ಮಲೆನಾಡಿನ ಕಡವೆಯ ಬಳಗಕ್ಕೆ ಸೇರಿದ್ದು. ಗಾತ್ರದಲ್ಲಿ ಮಾತ್ರ ಅದಕ್ಕಿಂತ ಒಂದು ಕೈ ಮಿಗಿಲು. ಅಲ್ಲಿನ ಮೂಲನಿವಾಸಿಗಳಾದ ಶಾನೀ ಜನರ ಮಾತಿನಲ್ಲಿ ಇದು ‘ವಾಪಿಟಿ’, ಎಂದರೆ ಬಿಳಿಯ ಪೃಷ್ಠವುಳ್ಳದ್ದು. ಒಂದು ಕಾಲಕ್ಕೆ ಆ ಖಂಡದ ಬಹುಭಾಗದಲ್ಲಿ ಮೇಯುತ್ತಿದ್ದ ಈ ಪ್ರಾಣಿ, ಮಿತಿಯಿಲ್ಲದ ಬೇಟೆಯಿಂದಲೂ ಬೇಸಾಯದ ಒತ್ತುವರಿಯಿಂದಲೂ 20ನೆಯ ಶತಮಾನದ ಆರಂಭದ ವೇಳೆಗೆ ಒಂದು ಲಕ್ಷಕ್ಕಿಂತ ಕಡಿಮೆಯಾಯಿತು. ಪೂರ್ವಭಾಗದ ತಳಿಯಂತೂ ನಿರ್ನಾಮವೇ ಆಯಿತು.

ಉಳಿದವುಗಳಲ್ಲಿ ಒಂದು ದೊಡ್ಡ ಹಿಂಡು ವಯೋಮಿಂಗ್ ಸಂಸ್ಥಾನದ ಜಾಕ್ಸನ್ ಕಣಿವೆಯದು. ಬೇಸಿಗೆಯಲ್ಲಿ ಬೆಟ್ಟದ ಮೇಲೆ ಮೇದು ಚಳಿಗಾಲಕ್ಕೆ ಕೆಳಗಿಳಿಯುವುದು ಅದರ ವಾಡಿಕೆ. ಆದರೆ ಕೆಳಗೆ ಊರುಗಳೂ ಬೇಲಿಗಳೂ ಎದ್ದಿದ್ದವು. 1909ರ ಸುಮಾರಿನಲ್ಲಿ ಒಂದರ ಹಿಂದೊಂದು ಬಂದ ಕಠಿಣ ಚಳಿಗಾಲಗಳಲ್ಲಿ ಸಾವಿರಾರು ಎಲ್ಕ್‌ಗಳು ಹಸಿವಿನಿಂದ ಸತ್ತವು. ಆ ಕಣಿವೆಯ ನಿವಾಸಿ ಸ್ಟೀಫನ್ ಲೀಕ್ ತೆಗೆದ ಛಾಯಾಚಿತ್ರಗಳು ದೇಶದ ಮನಸ್ಸನ್ನು ಕಲಕಿದವು. 1912ರಲ್ಲಿ ಅಲ್ಲಿ ರಾಷ್ಟ್ರೀಯ ಎಲ್ಕ್ ಆಶ್ರಯಧಾಮ ಸ್ಥಾಪನೆಯಾಯಿತು. ಚಳಿಗಾಲದಲ್ಲಿ ಒಣಹುಲ್ಲು ಹಾಕುವ ಏರ್ಪಾಡೂ ನಡೆಯಿತು.

ಆದರೂ ಸಾವು ನಿಲ್ಲಲಿಲ್ಲ. ಮೇವಿದ್ದೂ ಸಾಯುವುದೇಕೆ? ಇದನ್ನು ಕಂಡುಹಿಡಿಯಲು 1927ರಲ್ಲಿ ಸರ್ಕಾರ ಕಳುಹಿಸಿದ್ದು ಓಲಾಸ್ ಮ್ಯೂರಿ ಎಂಬ ಜೀವವಿಜ್ಞಾನಿಯನ್ನು. ಅವರು ಸಂಸಾರಸಮೇತ ಅಲ್ಲಿಯೇ ನೆಲಸಿ, ಹಿಂಡಿನ ಬೆನ್ನುಹತ್ತಿ ಬೆಟ್ಟ ಏರಿ ಇಳಿದರು. ಸತ್ತ ಪ್ರಾಣಿಗಳನ್ನು ಪರೀಕ್ಷಿಸಿದರು. ಕಳಪೆ ಹುಲ್ಲಿನಲ್ಲಿ ಗೋಧಿಯ ತೆನೆಯಲ್ಲಿರುವಂಥ ಚೂಪು ಮುಳ್ಳುಗಳಿದ್ದವು. ಅವು ಬಾಯೊಳಗೆ ಚುಚ್ಚಿ ಗಾಯಮಾಡುತ್ತಿದ್ದವು. ಗಾಯಕ್ಕೆ ರೋಗಾಣು ಸೇರಿ, ಬಾಯಿ ಕೊಳೆತು, ಪ್ರಾಣಿ ಸಾಯುತ್ತಿತ್ತು. ಕರುಣೆಯಿಂದ ಹಾಕಿದ ಮೇವೇ ಮೃತ್ಯುವಿಗೆ ದಾರಿಯಾಗಿತ್ತು! ಹುಲ್ಲಿನ ಕಂತೆಗಿಂತ ಚಳಿಗಾಲದ ಒಳ್ಳೆಯ ಹುಲ್ಲುಗಾವಲು ಮುಖ್ಯವೆಂಬುದು ಅವರಿಗೆ ಮನದಟ್ಟಾಯಿತು. ವರ್ಷಗಳ ಈ ದುಡಿಮೆಯ ಫಲವಾಗಿ ಉತ್ತರ ಅಮೆರಿಕದ ಎಲ್ಕ್ ಕುರಿತ ಅವರ ಗ್ರಂಥ 1951ರಲ್ಲಿ ಪ್ರಕಟವಾಯಿತು. ಮರುವರ್ಷವೇ ಅವರಿಗೆ ಆಲ್ಡೊ ಲಿಯೊಪೋಲ್ಡ್ ಸ್ಮಾರಕ ಪದಕ ದೊರೆಯಿತು. ಮ್ಯೂರಿಯವರು 1963ರಲ್ಲಿ ತೀರಿಕೊಂಡರು. 1984ರಲ್ಲಿ ಹುಟ್ಟಿದ ರಾಕಿ ಮೌಂಟನ್ ಎಲ್ಕ್ ಫೌಂಡೇಷನ್ ಅವರ ಹೆಸರಿನಲ್ಲಿಯೇ ಒಂದು ಪ್ರಶಸ್ತಿಯನ್ನಿಟ್ಟು, ಎಲ್ಕ್ ರಕ್ಷಣೆಗೆ ದುಡಿದ ವೃತ್ತಿನಿರತರನ್ನು ಗೌರವಿಸುತ್ತ ಬಂದಿದೆ.

ವಾಚಕರೇ, ಅಂಥವರ ಕೆಲಸ ಎಂಥದೆಂಬುದಕ್ಕೆ ಇನ್ನೆರಡು ನಿದರ್ಶನ ಕೇಳಿ. ತಮ್ಮ ಮನೆಯ ರೇಡಿಯೊ ಸಂಗೀತವನ್ನು ತರುತ್ತದೆ. ಆರೆಗಾನ್ ಸಂಸ್ಥಾನದ ಸ್ಟಾರ್ಕಿ ಅರಣ್ಯದಲ್ಲಿ ಅದು ಎಲ್ಕ್‌ನ ಸುಳಿವನ್ನು ತಂದಿತು. 1989ರಲ್ಲಿ ಮೊದಲಾದ ಒಂದು ಸಂಶೋಧನೆಯಲ್ಲಿ ಪ್ರಾಣಿಗಳ ಕೊರಳಿಗೆ ರೇಡಿಯೊ ಪಟ್ಟಿ ಕಟ್ಟಿ, ಹಗಲಿರುಳೂ ಅವುಗಳ ಓಡಾಟವನ್ನು ಗುರುತಿಸಿದರು. ವಾಹನ ಸಂಚರಿಸುವ ರಸ್ತೆಗಳಿಂದ ಎಲ್ಕ್‌ಗಳು ದೂರ ಸರಿಯುತ್ತವೆಂಬುದು ಖಚಿತವಾಯಿತು. ಕಾಡಿನೊಳಗೆ ರಸ್ತೆ ಎಷ್ಟಿರಬೇಕೆಂಬ ತೀರ್ಮಾನಕ್ಕೆ ಇದು ಆಧಾರ. ಇನ್ನು, ಎಲ್ಕ್ ಇಲ್ಲವಾಗಿದ್ದ ಕೆಂಟಕಿಯ ಬೆಟ್ಟಗಳಿಗೆ 1997ರಿಂದ 2002ರವರೆಗೆ ಪಶ್ಚಿಮದಿಂದ 1,500ಕ್ಕೂ ಹೆಚ್ಚು ಎಲ್ಕ್‌ಗಳನ್ನು ಸಾಗಿಸಿ ಬಿಟ್ಟರು. ಅವು ಅಲ್ಲಿ ಬೇರೂರಿವೆ. ಇಂದು ಉತ್ತರ ಅಮೆರಿಕದಲ್ಲಿ ಸುಮಾರು 10 ಲಕ್ಷ ಎಲ್ಕ್‌ಗಳಿವೆ.

ಆದರೆ ಕೆಲಸ ಮುಗಿದಿಲ್ಲ. ಜಿಂಕೆಗಳನ್ನು ಕೃಶಗೊಳಿಸಿ ಕೊಲ್ಲುವ, ಮದ್ದಿಲ್ಲದ ಮಿದುಳಿನ ರೋಗವೊಂದು 2020ರಲ್ಲಿ ಆಶ್ರಯಧಾಮದ ನೆರೆಯ ಗ್ರಾಂಡ್ ಟೀಟನ್ ಉದ್ಯಾನದ ಎಲ್ಕ್ ಒಂದರಲ್ಲಿ ಕಾಣಿಸಿಕೊಂಡಿತು. ಮೇವಿಗಾಗಿ ಪ್ರಾಣಿಗಳು ಒಂದೆಡೆ ಗುಂಪುಗೂಡಿದರೆ ರೋಗ ಹರಡುವ ಭಯ. ಮೇವು ನಿಲ್ಲಿಸಿದರೆ ಹಸಿವಿನ ಭಯ. ಮ್ಯೂರಿಯವರು ಬಿಡಿಸಲು ಹೊರಟ ಗಂಟು ಇನ್ನೂ ಪೂರ್ತಿ ಬಿಚ್ಚಿಲ್ಲ. ಅದನ್ನು ಬಿಚ್ಚಲೆಂದು ಅವರ ವೃತ್ತಿಬಾಂಧವರು ಇಂದಿಗೂ ಆ ಹಿಮದಲ್ಲಿ ಹೆಜ್ಜೆಯ ಜಾಡು ಹಿಡಿದು ನಡೆಯುತ್ತಿದ್ದಾರೆ.