ಕಚ್ಚಿ ಹಿಡಿದ ಹೋಸ್

ಬಿಸಿಯೊಂದಿಗೆ ಸೆಣಸುವುದು ಚಿನ್ನದ ಗಣಿಗಳ ಊರಾದ ಕೆಜಿಎಫ್‌ಗೆ ಹೊಸದಲ್ಲ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಾಗ ಅಲ್ಲಿನ ಬಂಡೆಯ ಉಷ್ಣತೆ 60 ಡಿಗ್ರಿ ಸೆಲ್ಸಿಯಸ್ ದಾಟಿತ್ತು. ತಂಪು ಮಾಡಿದ ಗಾಳಿಯನ್ನು ಕೆಳಗೆ ಕಳಿಸದೆ ಕೆಲಸ ಸಾಗುತ್ತಿರಲಿಲ್ಲ. 2001ರಲ್ಲಿ ಗಣಿಗಳು ಮುಚ್ಚಿದವು. 1964ರಲ್ಲಿ ಸ್ಥಾಪನೆಯಾದ ಬಿಇಎಂಎಲ್ ಸಂಸ್ಥೆ ಅದೇ ಊರಿನಲ್ಲಿ ಬುಲ್‌ಡೋಜರ್ ತಯಾರಿಸುತ್ತದೆ. ಆ ಯಂತ್ರಗಳ ಡೀಸೆಲ್ ಎಂಜಿನ್ನಿಗೂ ಬಿಸಿಯೇ ಶತ್ರು.

ಎಂಜಿನ್ನಿನಿಂದ ರೇಡಿಯೇಟರಿಗೆ ಬಿಸಿನೀರನ್ನು ಒಯ್ಯುವುದು ರಬ್ಬರ್ ಹೋಸ್. ಲೋಹದ ಕೊಳವೆ ಇಲ್ಲಿ ಬಾಳುವುದಿಲ್ಲ: ಎಂಜಿನ್ ಅದುರುತ್ತದೆ, ರೇಡಿಯೇಟರ್ ಬೇರೆಯೇ ಲಯದಲ್ಲಿ ಅಲುಗುತ್ತದೆ, ನಡುವಿನ ಗಡಸು ಕೊಳವೆ ಬಿರುಕು ಬಿಡುತ್ತದೆ. ಅದಕ್ಕಾಗಿ ಒಳಗೆ ನೂಲಿನ ಹೆಣಿಗೆಯಿರುವ ಇಪಿಡಿಎಂ ಎಂಬ ಕೃತಕ ರಬ್ಬರ್ ಬಳಸುತ್ತಾರೆ. ಬಿಸಿನೀರು, ಒತ್ತಡ ಎರಡನ್ನೂ ಅದು ವರ್ಷಗಟ್ಟಲೆ ತಾಳುತ್ತದೆ.

ತೊಂದರೆ ಬರುವುದು ಅದನ್ನು ಬಿಚ್ಚುವಾಗ. ತುದಿಯನ್ನು ಬಿಗಿದಿರುವ ಕ್ಲಿಪ್ ಸಡಿಲಿಸಿದರೂ ಹೋಸ್ ಕದಲುವುದಿಲ್ಲ. ಕ್ಲಿಪ್ಪಿನ ಬಿಗಿತ ಮತ್ತು ಬಿಸಿಯಲ್ಲಿ ರಬ್ಬರ್ ನಿಧಾನವಾಗಿ ತಾನು ಸುತ್ತಿಕೊಂಡಿರುವ ಲೋಹದ ಮೂತಿಯ ಸಣ್ಣ ತಗ್ಗುಗಳೊಳಗೆ ಇಳಿದು, ಅದೇ ಆಕಾರದಲ್ಲಿ ಗಟ್ಟಿಯಾಗಿರುತ್ತದೆ. ಸಂದಿಗೆ ಜಿನುಗಿದ ನೀರು ಲೋಹವನ್ನು ತುಕ್ಕು ಹಿಡಿಸುತ್ತದೆ. ತುಕ್ಕು ಉಬ್ಬಿ ಹಿಡಿತವನ್ನು ಇನ್ನಷ್ಟು ಬಿಗಿಗೊಳಿಸುತ್ತದೆ.

ಕೋಲಾರ ಜಿಲ್ಲೆಯಲ್ಲಿ ಇದರ ಜೊತೆಗೆ ಇನ್ನೊಂದು ಕಾರಣವಿದೆ. ಬಂಗಾರಪೇಟೆಯ ಸುತ್ತಮುತ್ತ ಟ್ರ್ಯಾಕ್ಟರಿಗೂ ಲಾರಿಗೂ ಕೈಗೆ ಸಿಗುವುದು ಕೊಳವೆಬಾವಿಯ ಗಡಸು ನೀರು. ಅದನ್ನು ಕಾಯಿಸಿದರೆ ಕರಗಿದ್ದ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಒಡೆದು ಸುಣ್ಣದ ಪದರವಾಗಿ ಕೂರುತ್ತದೆ. ಹೋಸಿನ ತುದಿಯಲ್ಲಿ ಇದು ಗಾರೆಯಂತೆ ಕೆಲಸ ಮಾಡುತ್ತದೆ. ರೇಡಿಯೇಟರಿನ ಒಳಗೆ ಬಿಸಿ ಹೊರಹೋಗದಂತೆ ತಡೆಯುತ್ತದೆ. ಖನಿಜ ತೆಗೆದ ನೀರಿಗೆ ಕೂಲೆಂಟ್ ಬೆರೆಸಿ ತುಂಬಬೇಕು ಎನ್ನುವುದು ಇದೇ ಕಾರಣಕ್ಕೆ. ಕರಾವಳಿಯ ಮೀನುಗಾರಿಕೆ ದೋಣಿಗಳಲ್ಲಿ ಸುಣ್ಣದ ಬದಲು ಉಪ್ಪಿನ ಕಾಟ. ಸಮುದ್ರದ ನೀರನ್ನೇ ಎಳೆದು ಎಂಜಿನ್ ತಂಪು ಮಾಡುವ ದೋಣಿಯಲ್ಲಿ ಆ ನೀರು ಹರಿಯುವ ಕೊಳವೆಯ ಮೂತಿಗಳನ್ನು ಉಪ್ಪು ಬೇಗ ತಿನ್ನುತ್ತದೆ, ಹೋಸ್ ಅಲ್ಲಿ ಇನ್ನೂ ಹಠ ಹಿಡಿಯುತ್ತದೆ.

ಹೊರಗಿನಿಂದ ಚೆನ್ನಾಗಿ ಕಾಣುವ ಹೋಸ್ ಕೂಡ ಒಳಗೆ ಸೀಳಿರಬಹುದು. ಲೋಹ, ಕೂಲೆಂಟ್ ಮತ್ತು ರಬ್ಬರಿನಲ್ಲಿರುವ ಇಂಗಾಲ ಸೇರಿ ಪುಟ್ಟ ವಿದ್ಯುತ್ಕೋಶವಾಗುತ್ತವೆ. ಆ ರಾಸಾಯನಿಕ ಕ್ರಿಯೆ ಹೋಸಿನ ಒಳಗೋಡೆಯಲ್ಲಿ, ಹೆಚ್ಚಾಗಿ ತುದಿಗಳ ಹತ್ತಿರ, ಉದ್ದುದ್ದ ಬಿರುಕು ಮೂಡಿಸುತ್ತದೆ. ತುದಿಯನ್ನು ಬೆರಳಿನಿಂದ ಹಿಸುಕಿದಾಗ ನಡುಭಾಗಕ್ಕಿಂತ ಮೆತ್ತಗಿದ್ದರೆ ಬದಲಿಸುವ ಕಾಲ ಬಂದಿದೆ.

ಕೆಲಸ ಶುರುವಾಗಬೇಕಾದದ್ದು ಎಂಜಿನ್ ಪೂರ್ತಿ ತಣ್ಣಗಾದ ಮೇಲೆ. ಮುಚ್ಚಳದ ಒತ್ತಡದಿಂದಾಗಿ ಒಳಗಿನ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಉಳಿದಿರುತ್ತದೆ. ಮುಚ್ಚಳ ತೆಗೆದ ಕ್ಷಣ ಅದು ಹಬೆಯಾಗಿ ಮುಖಕ್ಕೆ ಚಿಮ್ಮುತ್ತದೆ. ನೀರು ಇಳಿಸಿ, ಕ್ಲಿಪ್ ಹಿಂದೆ ಸರಿಸಿ, ಹೋಸನ್ನು ಎಳೆಯುವ ಮೊದಲು ತಿರುಚಬೇಕು. ಎಳೆದರೆ ರಬ್ಬರ್ ಹಿಗ್ಗಿ, ವ್ಯಾಸ ಕಿರಿದಾಗಿ ಹಿಡಿತ ಹೆಚ್ಚುತ್ತದೆ. ತಿರುಚಿದರೆ ಅಂಟು ಬಿಡುತ್ತದೆ. ಅದಕ್ಕೂ ಬಗ್ಗದಿದ್ದರೆ ಬ್ಲೇಡಿನಿಂದ ಉದ್ದಕ್ಕೆ ಸೀಳಿ ಸಿಪ್ಪೆಯಂತೆ ಬಿಡಿಸಬೇಕು. ಹಳೆಯ ಹೋಸನ್ನು ಹೇಗೂ ಎಸೆಯುವುದೇ. ಸ್ಕ್ರೂಡ್ರೈವರ್ ತೂರಿಸಿ ಮೀಟಿದರೆ ಮಾತ್ರ ರೇಡಿಯೇಟರಿನ ತೆಳು ಮೂತಿ ಬಾಗುತ್ತದೆ, ಬ್ಲೇಡ್ ಆಳಕ್ಕೆ ಹೋದರೆ ಗೀರು ಬೀಳುತ್ತದೆ. ಆ ಗೀರಿನಲ್ಲೇ ಹೊಸ ಹೋಸ್ ಸೋರುತ್ತದೆ.

ಮೂತಿಯನ್ನು ಎಮರಿ ಕಾಗದದಿಂದ ನಯವಾಗಿ ಉಜ್ಜಿ, ಹೊಸ ಹೋಸಿನ ಒಳತುದಿಗೆ ಕೂಲೆಂಟ್ ಸವರಿ ತೂರಿಸಬೇಕು. ಗ್ರೀಸ್ ಬೇಡ, ಪೆಟ್ರೋಲಿಯಂ ಎಣ್ಣೆ ತಾಗಿದರೆ ಇಪಿಡಿಎಂ ಉಬ್ಬಿ ಮೆತ್ತಗಾಗುತ್ತದೆ. ಮೂತಿಯ ಅಂಚಿನಲ್ಲಿರುವ ಉಬ್ಬನ್ನು ದಾಟಿಸಿ, ಕ್ಲಿಪ್ಪನ್ನು ಅದರ ಹಿಂದೆಯೇ ಕೂರಿಸಬೇಕು. ಎಂಜಿನ್ ಒಮ್ಮೆ ಕಾದು ತಣಿದಾಗ ರಬ್ಬರ್ ಸ್ವಲ್ಪ ಕುಗ್ಗುವುದರಿಂದ, ಕ್ಲಿಪ್ಪಿನ ಬಿಗಿಯನ್ನೂ ನೀರಿನ ಮಟ್ಟವನ್ನೂ ಮರುದಿನ ಮತ್ತೆ ನೋಡುವುದು ಒಳ್ಳೆಯದು.