ಮೃಗವು ಮನುಷ್ಯನಾದ ಗಳಿಗೆ

1991ರಲ್ಲಿ ತೆರೆಕಂಡ ಡಿಸ್ನಿ ಸಂಸ್ಥೆಯ ‘ಬ್ಯೂಟಿ ಅಂಡ್ ದಿ ಬೀಸ್ಟ್’ ಚಿತ್ರವನ್ನು ಬಾಲ್ಯದಲ್ಲಿ ನೋಡಿ ನಲಿದವರು ಇಂದು ತಾವೇ ತಂದೆತಾಯಿಯರಾಗಿದ್ದಾರೆ. ಹಾಡುಗಳಿಂದ ತುಂಬಿದ ಈ ಅನಿಮೇಷನ್ ಚಿತ್ರವನ್ನು ಮಕ್ಕಳೊಡನೆ ಕುಳಿತು ಮತ್ತೊಮ್ಮೆ ನೋಡಿದರೆ, ಅಂದು ಕಾಣದಿದ್ದುದು ಇಂದು ಕಾಣುತ್ತದೆ.

ಕಥೆಯ ಮೂಲ ಫ್ರಾನ್ಸ್. 1740ರಲ್ಲಿ ವಿಲ್‌ನೆವ್ ಎಂಬ ಲೇಖಕಿ ಬರೆದ ದೀರ್ಘ ಕಥೆಯನ್ನು 1756ರಲ್ಲಿ ಬೋಮಾಂ ಎಂಬಾಕೆ ಎಳೆಯರಿಗಾಗಿ ಸಂಕ್ಷೇಪಿಸಿದರು. ಚಿತ್ರದಲ್ಲಿ, ಶಾಪದಿಂದ ಮೃಗವಾದ ರಾಜಕುಮಾರನು ಮಾಯಾಗುಲಾಬಿಯ ಕೊನೆಯ ಎಸಳು ಉದುರುವುದರೊಳಗೆ ಪ್ರೀತಿಸಿ, ಪ್ರೀತಿಯನ್ನು ಪಡೆಯಬೇಕು. ತಂದೆಯ ಬದಲಾಗಿ ಅವನ ಕೋಟೆಯಲ್ಲಿ ಸೆರೆಯಿರಲು ಒಪ್ಪಿದವಳು ಬೆಲ್.

ಮಕ್ಕಳು ಕೊನೆಯ ರೂಪಾಂತರಕ್ಕಾಗಿ ಕಾತರಿಸುತ್ತಾರೆ. ಆದರೆ ಅವನು ಮನುಷ್ಯನಾಗುವುದು ಅದಕ್ಕೂ ಮೊದಲೇ. ತಂದೆಯ ಸಂಕಟವನ್ನು ಮಾಯಾದರ್ಪಣದಲ್ಲಿ ಕಂಡು ಬೆಲ್ ತಳಮಳಿಸಿದಾಗ ಅವಳನ್ನು ಬಿಟ್ಟು ಕಳುಹಿಸುತ್ತಾನೆ. ಅವಳು ಹೋದರೆ ತನಗೆ ಶಾಪವಿಮೋಚನೆಯಿಲ್ಲವೆಂದು ತಿಳಿದೂ ತಡೆಯುವುದಿಲ್ಲ. ಊರೆಲ್ಲ ಮೆಚ್ಚುವ ಸುಂದರಾಂಗ ಗ್ಯಾಸ್ಟನ್ನನಾದರೋ, ಅವಳನ್ನು ಮದುವೆಯಾಗಲು ಅವಳ ತಂದೆಯನ್ನು ಹುಚ್ಚಾಸ್ಪತ್ರೆಗೆ ತಳ್ಳಲು ಹವಣಿಸುತ್ತಾನೆ.

ಈ ಚಿತ್ರಕ್ಕೆ ಗೀತೆಗಳನ್ನು ಬರೆದ ಹೋವರ್ಡ್ ಆಶ್ಮನ್ ಆಗ ಏಡ್ಸ್ ರೋಗದಿಂದ ಜರ್ಜರಿತರಾಗಿದ್ದರು. ಚಿತ್ರ ಬಿಡುಗಡೆಯಾಗುವ ಮೊದಲೇ, 1991ರ ಮಾರ್ಚ್‌ನಲ್ಲಿ, 40ನೆಯ ವಯಸ್ಸಿಗೇ ತೀರಿಕೊಂಡರು. ಅಲನ್ ಮೆಂಕೆನ್ ರಾಗ ಸಂಯೋಜಿಸಿದ ಶೀರ್ಷಿಕೆಗೀತೆಗೆ ಆಸ್ಕರ್ ದೊರೆತಾಗ ಅವರಿರಲಿಲ್ಲ. ಚಿತ್ರವನ್ನು ಅವರಿಗೇ ಅರ್ಪಿಸಲಾಗಿದೆ.

ಪ್ರೀತಿಸಿದವರನ್ನು ಹಿಡಿದಿಡುವುದಕ್ಕಿಂತ ಅವರ ದಾರಿಗೆ ಬಿಡುವುದು ಕಷ್ಟ. ಓದಿಗೆಂದು, ನೌಕರಿಗೆಂದು ಮಕ್ಕಳನ್ನು ದೂರದೂರಿಗೆ ಕಳುಹಿಸಿ ಬಾಗಿಲಲ್ಲಿ ನಿಂತ ತಂದೆತಾಯಿಯರಿಗೆ ಆ ದೃಶ್ಯದ ಅರ್ಥವನ್ನು ಬೇರೆ ಹೇಳಬೇಕಾಗಿಲ್ಲ.