ನಾಗ್ಪುರದ ಮತದಾರ: ಪಟ್ಟಿಯಿಂದ ಮತಗಟ್ಟೆಯವರೆಗೆ

ನಾಗ್ಪುರ ಲೋಕಸಭಾ ಕ್ಷೇತ್ರಕ್ಕೆ ಆರು ವಿಧಾನಸಭಾ ಕ್ಷೇತ್ರಗಳು ಸೇರುತ್ತವೆ: ನಾಗ್ಪುರ ನೈರುತ್ಯ, ದಕ್ಷಿಣ, ಪೂರ್ವ, ಮಧ್ಯ, ಪಶ್ಚಿಮ ಮತ್ತು ಉತ್ತರ. ಜಿಲ್ಲೆಯ ಉಳಿದ ಭಾಗ ರಾಮ್‌ಟೆಕ್ ಕ್ಷೇತ್ರದ ಪಾಲು. 2024ರ ಏಪ್ರಿಲ್ 19ರಂದು, ಮೊದಲ ಹಂತದಲ್ಲಿ, ಇಲ್ಲಿ ಮತದಾನ ನಡೆದಾಗ ಪಟ್ಟಿಯಲ್ಲಿ 22 ಲಕ್ಷಕ್ಕೂ ಹೆಚ್ಚು ಹೆಸರುಗಳಿದ್ದವು. ಮತ ಹಾಕಿದವರು ಸುಮಾರು ಶೇ 54ರಷ್ಟು.

ಹದಿನೆಂಟು ತುಂಬಿದ ಪ್ರತಿ ಪ್ರಜೆಗೂ ಮತದ ಹಕ್ಕು ಕೊಡುವುದು ಸಂವಿಧಾನದ 326ನೇ ವಿಧಿ. 1989ರವರೆಗೆ ಈ ಮಿತಿ 21 ವರ್ಷವಿತ್ತು. 61ನೇ ತಿದ್ದುಪಡಿ ಅದನ್ನು ಇಳಿಸಿತು. ಆದರೆ ಹಕ್ಕು ಚಲಾಯಿಸಲು ಹೆಸರು ಮತದಾರರ ಪಟ್ಟಿಯಲ್ಲಿರಲೇಬೇಕು. ಗುರುತಿನ ಚೀಟಿ ಕೈಯಲ್ಲಿದ್ದು ಹೆಸರು ಪಟ್ಟಿಯಲ್ಲಿಲ್ಲದವರು ಮತಗಟ್ಟೆಯಿಂದ ವಾಪಸಾಗಬೇಕು. ಹೆಸರಿದ್ದು ಚೀಟಿ ಇಲ್ಲದವರು ಆಧಾರ್, ಪಾಸ್‌ಪೋರ್ಟ್, ಚಾಲನಾ ಪರವಾನಗಿಯಂಥ ಬೇರೆ ದಾಖಲೆ ತೋರಿಸಿ ಮತ ಹಾಕಬಹುದು.

ಹೊಸಬರು ಸೇರಲು ನಮೂನೆ 6, ಹೆಸರು ತೆಗೆಸಲು ನಮೂನೆ 7, ತಿದ್ದುಪಡಿಗೂ ವಿಳಾಸ ಬದಲಾವಣೆಗೂ ನಮೂನೆ 8. ಮೊದಲು ಜನವರಿ 1ಕ್ಕೆ ಹದಿನೆಂಟು ತುಂಬಿದವರಷ್ಟೇ ಆ ವರ್ಷದ ಪಟ್ಟಿಗೆ ಅರ್ಹರಾಗುತ್ತಿದ್ದರು. 2022ರಿಂದ ಏಪ್ರಿಲ್ 1, ಜುಲೈ 1 ಮತ್ತು ಅಕ್ಟೋಬರ್ 1 ಕೂಡ ಅರ್ಹತಾ ದಿನಗಳಾಗಿವೆ. ಅರ್ಜಿ ಬಂದ ಮೇಲೆ ಮನೆಗೆ ಬಂದು ಪರಿಶೀಲಿಸುವವರು ಮತಗಟ್ಟೆ ಮಟ್ಟದ ಅಧಿಕಾರಿ, ಅಂದರೆ ಬಿಎಲ್‌ಒ. ಒಬ್ಬರ ಹೆಸರು ಒಂದೇ ಕ್ಷೇತ್ರದಲ್ಲಿರಬೇಕೆಂದು 1950ರ ಪ್ರಜಾಪ್ರಾತಿನಿಧ್ಯ ಕಾಯ್ದೆ ಹೇಳುತ್ತದೆ. ಸುಳ್ಳು ಘೋಷಣೆಗೆ ಒಂದು ವರ್ಷದವರೆಗೆ ಸೆರೆವಾಸ ವಿಧಿಸಬಹುದು.

ಮತಗಟ್ಟೆಯೊಳಗೆ ಮೊದಲ ಅಧಿಕಾರಿ ಹೆಸರನ್ನೂ ಕ್ರಮಸಂಖ್ಯೆಯನ್ನೂ ಗಟ್ಟಿಯಾಗಿ ಓದುತ್ತಾರೆ. ಪಕ್ಷಗಳ ಏಜೆಂಟರು ತಮ್ಮ ಪ್ರತಿಯಲ್ಲಿ ತಾಳೆ ನೋಡುತ್ತಾರೆ. ಎರಡನೆಯವರು ಎಡಗೈ ತೋರುಬೆರಳಿಗೆ ಶಾಯಿ ಹಚ್ಚಿ, 17ಎ ವಹಿಯಲ್ಲಿ ಸಹಿ ಪಡೆದು ಚೀಟಿ ಕೊಡುತ್ತಾರೆ. ಸಿಲ್ವರ್ ನೈಟ್ರೇಟ್ ಬೆರೆತ ಈ ಶಾಯಿ ತಯಾರಾಗುವುದು ಮೈಸೂರಿನಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ್ 1937ರಲ್ಲಿ ಸ್ಥಾಪಿಸಿದ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆಯಲ್ಲಿ. 1962ರ ಚುನಾವಣೆಯಿಂದ ಈಚೆಗೆ ಅದು ದೇಶದ ಮತದಾರರ ಬೆರಳಿಗೆ ಅಂಟುತ್ತಿದೆ.

ಮೂರನೆಯವರು ಚೀಟಿ ಪಡೆದು ನಿಯಂತ್ರಣ ಘಟಕದ ಗುಂಡಿ ಒತ್ತಿದರೆ ಮರೆಯಲ್ಲಿರುವ ಮತಯಂತ್ರದ ಹಸಿರು ದೀಪ ಹೊತ್ತಿಕೊಳ್ಳುತ್ತದೆ. ಮತದಾರರು ತಮ್ಮ ಆಯ್ಕೆಯ ಹೆಸರಿನ ಎದುರಿನ ನೀಲಿ ಗುಂಡಿ ಒತ್ತಬೇಕು. ಪಕ್ಕದ ವಿವಿಪ್ಯಾಟ್ ಪೆಟ್ಟಿಗೆಯ ಗಾಜಿನ ಹಿಂದೆ ಕ್ರಮಸಂಖ್ಯೆ, ಹೆಸರು, ಚಿಹ್ನೆ ಮುದ್ರಿತವಾದ ಚೀಟಿ ಏಳು ಸೆಕೆಂಡ್ ಕಂಡು, ಕತ್ತರಿಸಿಕೊಂಡು ಒಳಗೆ ಬೀಳುತ್ತದೆ. ಒಂದು ಮತಯಂತ್ರದಲ್ಲಿ 16 ಗುಂಡಿಗಳಿಗಷ್ಟೇ ಜಾಗ. 2024ರಲ್ಲಿ ನಾಗ್ಪುರದ ಕಣದಲ್ಲಿ 26 ಮಂದಿ ಇದ್ದುದರಿಂದ ಎರಡೆರಡು ಯಂತ್ರ ಜೋಡಿಸಬೇಕಾಯಿತು. 2013ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಬಂದ ನೋಟಾಕ್ಕೆ, ಅಂದರೆ ‘ಇವರಲ್ಲಿ ಯಾರೂ ಬೇಡ’ ಎಂಬ ಆಯ್ಕೆಗೆ, ಕೊನೆಯ ಗುಂಡಿ ಮೀಸಲು. ಈ ಯಂತ್ರಗಳನ್ನು ಬೆಂಗಳೂರಿನ ಬಿಇಎಲ್ ಮತ್ತು ಹೈದರಾಬಾದಿನ ಇಸಿಐಎಲ್ ತಯಾರಿಸುತ್ತವೆ.

ತಮ್ಮ ಹೆಸರಿನಲ್ಲಿ ಬೇರೆ ಯಾರೋ ಮತ ಹಾಕಿ ಹೋಗಿದ್ದರೆ, ನಿಜವಾದ ಮತದಾರರು ಗುರುತು ಸಾಬೀತುಪಡಿಸಿ ಕಾಗದದ ಮತಪತ್ರದಲ್ಲಿ ಟೆಂಡರ್ಡ್ ಮತ ಹಾಕಬಹುದು. 85 ವರ್ಷ ದಾಟಿದವರಿಗೂ ಶೇ 40ಕ್ಕೆ ಕಡಿಮೆಯಿಲ್ಲದ ಅಂಗವೈಕಲ್ಯ ಇರುವವರಿಗೂ, ಮುಂಚಿತವಾಗಿ ನಮೂನೆ 12ಡಿ ಸಲ್ಲಿಸಿದರೆ, ಮನೆಯಲ್ಲೇ ಮತದಾನದ ಅವಕಾಶವಿದೆ. ಸಮಯ ಮುಗಿದಾಗ ಸಾಲಿನಲ್ಲಿ ನಿಂತವರಿಗೆಲ್ಲ ಸಾಲಿನ ಕೊನೆಯಿಂದ ಶುರುಮಾಡಿ ಸಂಖ್ಯೆಯ ಚೀಟಿ ಹಂಚುತ್ತಾರೆ. ಆಮೇಲೆ ಬಂದವರು ನಡುವೆ ನುಸುಳದಂತೆ ಈ ಕ್ರಮ.

ನಾಗ್ಪುರದ ಮತ ಎಣಿಕೆ ಕಳಮ್ನಾ ಮಾರುಕಟ್ಟೆ ಪ್ರಾಂಗಣದಲ್ಲಿ ನಡೆಯುತ್ತದೆ. ಪ್ರತಿ ವಿಧಾನಸಭಾ ಕ್ಷೇತ್ರದ ಐದು ಮತಗಟ್ಟೆಗಳನ್ನು ಚೀಟಿ ಎತ್ತಿ ಆರಿಸಿ, ಅಲ್ಲಿನ ವಿವಿಪ್ಯಾಟ್ ಚೀಟಿಗಳನ್ನು ಯಂತ್ರದ ಲೆಕ್ಕದೊಂದಿಗೆ ತಾಳೆ ನೋಡುವುದು 2019ರಿಂದ ಕಡ್ಡಾಯ.

ಈ ವ್ಯವಸ್ಥೆಯೆಲ್ಲ ಪ್ರತಿನಿಧಿಗಳನ್ನು ಆರಿಸಲು. ಒಂದೇ ಪ್ರಶ್ನೆಗೆ ಜನರೇ ನೇರವಾಗಿ ಉತ್ತರಿಸುವ ಜನಮತಗಣನೆಗೆ ಭಾರತದ ಸಂವಿಧಾನದಲ್ಲಿ ಅವಕಾಶ ಕಲ್ಪಿಸಿಲ್ಲ. ಗೋವಾ ಮಹಾರಾಷ್ಟ್ರದಲ್ಲಿ ವಿಲೀನವಾಗಬೇಕೇ ಎಂದು 1967ರ ಜನವರಿ 16ರಂದು ಕೇಳಿದ್ದು ಸಂಸತ್ತಿನ ಪ್ರತ್ಯೇಕ ಕಾಯ್ದೆಯ ಬಲದಿಂದ. ವಿಲೀನಕ್ಕೆ ಹೂವು, ಪ್ರತ್ಯೇಕ ಉಳಿಯುವುದಕ್ಕೆ ಎರಡು ಎಲೆ ಗುರುತಾಗಿದ್ದವು. ಎರಡು ಎಲೆ ಗೆದ್ದಿತು. ನಾಗ್ಪುರವನ್ನೊಳಗೊಂಡ ವಿದರ್ಭ ಪ್ರತ್ಯೇಕ ರಾಜ್ಯವಾಗಬೇಕೇ ಎಂಬ ಬಗ್ಗೆ ನಾಗ್ಪುರದಲ್ಲಿ ಸಂಘಟನೆಗಳು ತಾವಾಗಿ ನಡೆಸಿದ ಮತಸಂಗ್ರಹಕ್ಕೆ ಕಾನೂನಿನ ಬಲ ಇರಲಿಲ್ಲ.

ಮತ್ತೆ ಮತದಾರರ ಪಟ್ಟಿಯ ವಿಷಯಕ್ಕೆ ಬಂದರೆ, ನೌಕರಿಯ ಮೇಲೆ ಹುಬ್ಬಳ್ಳಿಯಿಂದಲೋ ಕಲಬುರಗಿಯಿಂದಲೋ ನಾಗ್ಪುರಕ್ಕೆ ಬಂದು ನೆಲೆಸಿದವರೂ ನಮೂನೆ 8 ಸಲ್ಲಿಸಿ ಹೆಸರನ್ನು ಇಲ್ಲಿಗೆ ವರ್ಗಾಯಿಸಿಕೊಳ್ಳಬಹುದು. ನಾಮಪತ್ರ ಸಲ್ಲಿಕೆಯ ಗಡುವು ಮುಗಿದ ಮೇಲೆ ಆ ಚುನಾವಣೆಗೆ ಪಟ್ಟಿಯಲ್ಲಿ ಹೆಸರು ಸೇರಿಸುವಂತಿಲ್ಲ. ಆದ್ದರಿಂದ ಹೆಸರಿದೆಯೇ ಎಂಬುದನ್ನು ಮೊದಲೇ ಮತದಾರರ ಸಹಾಯವಾಣಿ 1950ಕ್ಕೆ ಕರೆ ಮಾಡಿ ಖಚಿತಪಡಿಸಿಕೊಳ್ಳುವುದು ಒಳ್ಳೆಯದು.